ಗ್ರೈಂಡರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಈ ಸಲ ಬಂದ ಪತ್ರಗಳೆಲ್ಲ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯವು. ದೂರು ಹೆಚ್ಚುಕಡಿಮೆ ಒಂದೇ. ಮೋಟರ್ ಪೂರ್ತಿ ಕೆಟ್ಟಿಲ್ಲ, ಪೂರ್ತಿ ಸರಿಯೂ ಇಲ್ಲ. ಸ್ವಿಚ್ ಒತ್ತಿದರೆ ಒಮ್ಮೆ ಶುರುವಾಗುತ್ತದೆ, ಇನ್ನೊಮ್ಮೆ ಆಗುವುದಿಲ್ಲ. ಪೂರ್ತಿ ಸುಟ್ಟ ಮೋಟರಿನ ದೋಷ ಹುಡುಕುವುದು ಸುಲಭ. ಹೀಗೆ ಬಂದು ಹೋಗುವ ದೋಷ ಮಾತ್ರ ರಿಪೇರಿ ಅಂಗಡಿಯ ಮೇಜಿನ ಮೇಲೆ ಕಾಣಿಸಿಕೊಳ್ಳುವುದೇ ಇಲ್ಲ. ಅದನ್ನು ಹಿಡಿಯಲು ಮನೆಯವರ ಗಮನವೇ ಬೇಕು: ಯಾವ ಹೊತ್ತಿನಲ್ಲಿ ಹಠ ಮಾಡಿತು, ಆಗ ಸದ್ದು ಇತ್ತೋ ಇಲ್ಲವೋ, ಒಳಗೆ ಅಕ್ಕಿ ಇತ್ತೋ ಖಾಲಿ ಇತ್ತೋ. ಈ ಮೂರು ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆ. ಮೊದಲ ಪತ್ರ ಬರೆದವರು ಇದನ್ನೆಲ್ಲ ಚೆನ್ನಾಗಿ ಗಮನಿಸಿದ್ದಾರೆ, ಅದಕ್ಕೇ ಅವರಿಗೆ ಉದ್ದದ ಉತ್ತರ.

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಮೌಳಂಗಿಯಲ್ಲಿ ಚಿಕ್ಕ ಹೋಂಸ್ಟೇ. ಶನಿವಾರ, ಭಾನುವಾರ ಕಾಳಿ ನದಿಗೆ ಬರುವ ಪ್ರವಾಸಿಗರಿಗೆ ಬೆಳಗಿನ ತಿಂಡಿಗೆ ಇಡ್ಲಿ, ದೋಸೆ, ತೆಳ್ಳೇವು ಮಾಡುತ್ತೇವೆ. ಹಿಟ್ಟು ರುಬ್ಬಲು ಅರ್ಧ ಎಚ್‌ಪಿಯ ಟಿಲ್ಟಿಂಗ್ ಗ್ರೈಂಡರ್ ಇದೆ. ಮಧ್ಯಾಹ್ನ ಹಾಕಿದರೆ ತಕರಾರಿಲ್ಲದೆ ತಿರುಗುತ್ತದೆ. ಸಂಜೆ ಏಳು ಗಂಟೆಯ ಮೇಲೆ ಸ್ವಿಚ್ ಒತ್ತಿದರೆ ಬರೀ ಗುಂಯ್ ಅನ್ನುತ್ತದೆ. ಬೆಲ್ಟನ್ನು ಕೈಯಿಂದ ಒಮ್ಮೆ ಎಳೆದು ಬಿಟ್ಟರೆ ಶುರುವಾಗುತ್ತದೆ. ಮಳೆಗಾಲದಲ್ಲಿ ಕೆಲವು ಸಲ ಮಧ್ಯಾಹ್ನವೂ ಹೀಗೇ. ದಾಂಡೇಲಿಗೆ ಒಯ್ದು ತೋರಿಸಿದೆವು. ಅಂಗಡಿಯಲ್ಲಿ ಹತ್ತು ಸಲ ಒತ್ತಿದರೆ ಹತ್ತೂ ಸಲ ತಿರುಗಿತು. ಆದರೂ ಮೋಟರ್ ಹಳೆಯದಾಗಿದೆ, ಬದಲಿಸಿ ಎಂದರು. ಅಡುಗೆಮನೆ ಹಿಂದಿನ ಅಂಗಳದಾಚೆ ಬೇರೆ ಇದೆ. ಮುಂದಿನ ಮನೆಯಿಂದ ಸುಮಾರು 40 ಮೀಟರ್ ವೈರ್ ಎಳೆದುಕೊಂಡಿದ್ದೇವೆ. ಸೂಪಾ ಅಣೆಕಟ್ಟು ಇಷ್ಟು ಹತ್ತಿರ ಇದ್ದೂ ನಮಗೇ ವೋಲ್ಟೇಜ್ ಇಲ್ಲವೇ ಎಂದು ಬೇಸರವಾಗುತ್ತದೆ. ಮೋಟರ್ ಬದಲಿಸಬೇಕೇ?
— ಹೋಂಸ್ಟೇ ನಡೆಸುವ ಗೃಹಿಣಿ, ಮೌಳಂಗಿ

ಉತ್ತರ: ಬದಲಿಸಬೇಡಿ, ಕನಿಷ್ಠ ಈಗಲೇ ಬೇಡ. ನಿಮ್ಮ ಪತ್ರದಲ್ಲಿಯೇ ಮುಖ್ಯ ಸುಳಿವು ಇದೆ. ಅಂಗಡಿಯಲ್ಲಿ ಹತ್ತೂ ಸಲ ತಿರುಗಿದ ಮೋಟರ್ ನಿಮ್ಮ ಅಡುಗೆಮನೆಯಲ್ಲಿ, ಅದೂ ಹೆಚ್ಚಾಗಿ ಸಂಜೆಯೇ ನಿಲ್ಲುತ್ತದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಮೋಟರಿಗೆ ತಲುಪುವ ಕರೆಂಟನ್ನು.

ಈ ಮೋಟರ್ ಹೇಗೆ ಶುರುವಾಗುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಮನೆಗೆ ಬರುವುದು ಸಿಂಗಲ್ ಫೇಸ್. ಅದರಿಂದ ಮೋಟರಿನ ಮುಖ್ಯ ವೈಂಡಿಂಗಿನಲ್ಲಿ ಹುಟ್ಟುವ ಅಯಸ್ಕಾಂತ ಬಲ ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಆಡುತ್ತದೆಯೇ ಹೊರತು ಸುತ್ತುವುದಿಲ್ಲ. ಬೀಸುಕಲ್ಲಿನ ಗೂಟವನ್ನು ಒಬ್ಬರೇ ನೇರ ಗೆರೆಯಲ್ಲಿ ಎಳೆದು ತಳ್ಳಿದರೆ ಕಲ್ಲು ಅಲ್ಲಾಡುತ್ತದೆ, ತಿರುಗುವುದಿಲ್ಲ. ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಸರಿಯಾದ ಹೊತ್ತಿಗೆ ತಮ್ಮ ಕಡೆ ಎಳೆದುಕೊಂಡರೆ ಸುತ್ತು ಶುರುವಾಗುತ್ತದೆ. ಮೋಟರಿನಲ್ಲಿ ಆ ಎರಡನೆಯ ಕೈ ಎಂದರೆ ಸ್ಟಾರ್ಟಿಂಗ್ ವೈಂಡಿಂಗ್. ಅದರ ಕರೆಂಟನ್ನು ಮುಖ್ಯ ವೈಂಡಿಂಗಿನ ಕರೆಂಟಿಗಿಂತ ತುಸು ಮುಂಚೆ ಬರುವಂತೆ ಮಾಡುವುದು ಕಂಡೆನ್ಸರ್. ಮೋಟರ್ ವೇಗಕ್ಕೆ ಬಂದ ಮೇಲೆ ಈ ಸಹಾಯ ಬೇಕಿಲ್ಲ, ಮುಖ್ಯ ವೈಂಡಿಂಗ್ ಒಂದೇ ಸಾಕು. ನೀವು ಬೆಲ್ಟ್ ಎಳೆದಾಗ ಮೋಟರ್ ಶುರುವಾಗುವುದು ಇದೇ ಕಾರಣಕ್ಕೆ. ಎರಡನೆಯ ಕೈ ಮಾಡಬೇಕಾದ ಕೆಲಸವನ್ನು ನಿಮ್ಮ ಕೈ ಮಾಡಿತು. ಮುಖ್ಯ ವೈಂಡಿಂಗ್ ಜೀವಂತವಾಗಿದೆ ಎಂಬುದಕ್ಕೂ ಇದೇ ಸಾಕ್ಷಿ.

ಅಂದಮೇಲೆ ದೋಷ ಎರಡರಲ್ಲಿ ಒಂದು: ಸ್ಟಾರ್ಟಿಂಗ್ ಬಲ ಕಡಿಮೆ ಬೀಳುತ್ತಿದೆ, ಇಲ್ಲವೇ ಆಗಾಗ ಆ ಬಲವೇ ಹುಟ್ಟುತ್ತಿಲ್ಲ. ನಿಮ್ಮಲ್ಲಿ ಎರಡೂ ಇರಬಹುದು ಎಂದು ನನ್ನ ಅಂದಾಜು. ಸಂಜೆಯದು ಮೊದಲನೆಯದು, ಮಳೆಗಾಲದ ಮಧ್ಯಾಹ್ನದ್ದು ಎರಡನೆಯದು.

ಸಂಜೆಯ ವಿಷಯ ನೋಡೋಣ. ಇಂಥ ಮೋಟರಿನ ಸ್ಟಾರ್ಟಿಂಗ್ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿಗೆ ಇರುವ ಬಲ 180 ವೋಲ್ಟಿಗೆ ಬಂದಾಗ ಶೇಕಡಾ 61ಕ್ಕೆ ಇಳಿದಿರುತ್ತದೆ. ದೀಪ ಸ್ವಲ್ಪ ಮಂಕಾಗಿ ಕಾಣುವಷ್ಟು ವ್ಯತ್ಯಾಸ ಮೋಟರಿಗೆ ನೂರರಲ್ಲಿ ಸುಮಾರು ನಲವತ್ತು ಪಾಲು ಬಲ ಹೋದಂತೆ. ಈಗಿನ ಹಲವು ಎಲ್‌ಇಡಿ ಬಲ್ಬುಗಳು ಆ ಸೂಚನೆಯನ್ನೂ ಕೊಡುವುದಿಲ್ಲ, ಕಡಿಮೆ ವೋಲ್ಟೇಜಿನಲ್ಲೂ ಒಂದೇ ಬೆಳಕು ಕೊಡುತ್ತವೆ. ಅದಕ್ಕೇ "ದೀಪ ಚೆನ್ನಾಗಿ ಉರಿಯುತ್ತಿದೆ, ವೋಲ್ಟೇಜ್ ಸರಿ ಇದೆ" ಎಂದು ತೀರ್ಮಾನಿಸಬೇಡಿ. ಟೆಸ್ಟರಿನ ಕೆಂಪು ದೀಪವನ್ನೂ ನಂಬಬೇಡಿ. ಫೇಸ್ ಬಂದಿದೆ ಎಂದಷ್ಟೇ ಅದು ಹೇಳುತ್ತದೆ. ಸುಟ್ಟು ಕಪ್ಪಾದ ಸಾಕೆಟ್ಟಿನಲ್ಲೂ ಅದು ಹತ್ತಿಕೊಳ್ಳುತ್ತದೆ, ನ್ಯೂಟ್ರಲ್ ಕಡಿದಿದ್ದರೂ ಹತ್ತಿಕೊಳ್ಳುತ್ತದೆ.

ಈಗ ನಿಮ್ಮ 40 ಮೀಟರ್ ವೈರಿಗೆ ಬರುತ್ತೇನೆ. ಹಿಂದಿನ ಅಡುಗೆಮನೆಗೆ ಎಳೆಯುವ ವೈರ್ ಬಹಳ ಕಡೆ 1 ಚದರ ಮಿಲಿಮೀಟರಿನದು. ಬಲ್ಬಿಗೆ, ಫ್ಯಾನಿಗೆ ಅದು ಸಾಕು. ಹೋಗುವ ವೈರು, ಬರುವ ವೈರು ಸೇರಿ 80 ಮೀಟರ್ ತಾಮ್ರಕ್ಕೆ ಸುಮಾರು 1.4 ಓಮ್ ರೋಧ ಬರುತ್ತದೆ. ಅರ್ಧ ಎಚ್‌ಪಿ ಮೋಟರ್ ಓಡುವಾಗ ಸುಮಾರು 4 ಆಂಪಿಯರ್ ಎಳೆದರೆ, ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು, ಅಂದರೆ 20 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಆ ಕ್ಷಣದಲ್ಲಿ ವೈರಿನಲ್ಲಿಯೇ 28–30 ವೋಲ್ಟ್ ಕಳೆದುಹೋಗುತ್ತದೆ. ಸಂಜೆ ಮುಂದಿನ ಮನೆಯ ಬೋರ್ಡಿನಲ್ಲಿ 205 ವೋಲ್ಟ್ ಇದ್ದರೆ ಮೋಟರಿಗೆ ಸಿಗುವುದು 175ರ ಆಸುಪಾಸು. ಅದೇ ಹೊತ್ತಿಗೆ ನಿಮ್ಮ ಕೋಣೆಗಳಲ್ಲಿ ಪ್ರವಾಸಿಗರು ಗೀಸರ್ ಹಾಕಿರುತ್ತಾರೆ. ಹೀಗಾಗಿ ಮೋಟರ್ ಸಂಜೆ ಹಠ ಮಾಡುತ್ತಿದೆ.

ನೀವು ಮಾಡಬೇಕಾದದ್ದು ಇಷ್ಟು. ಮಲ್ಟಿಮೀಟರ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಸಂಜೆ ಏಳರ ಮೇಲೆ ಕರೆಯಿರಿ. ಹಗಲು ಬಂದು ಅಳೆದರೆ ಪ್ರಯೋಜನವಿಲ್ಲ. ಮುಂದಿನ ಮನೆಯ ಮುಖ್ಯ ಬೋರ್ಡಿನಲ್ಲಿ ಒಮ್ಮೆ, ಗ್ರೈಂಡರಿನ ಸಾಕೆಟ್ಟಿನಲ್ಲಿ ಒಮ್ಮೆ, ಸ್ವಿಚ್ ಒತ್ತಿದ ಕ್ಷಣದಲ್ಲಿ ಮತ್ತೆ ಎರಡೂ ಕಡೆ ವೋಲ್ಟೇಜ್ ಅಳೆಯಲಿ. ಮುಖ್ಯ ಬೋರ್ಡಿನಲ್ಲಿ ಹೆಚ್ಚು ಕುಸಿಯದೆ ಅಡುಗೆಮನೆಯಲ್ಲಿ ಮಾತ್ರ ಕುಸಿದರೆ ತಪ್ಪು ವೈರಿನದು, ಇಲ್ಲವೇ ನಡುವಿನ ಯಾವುದೋ ಜೋಡಣೆಯದು. 4 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆಸಿದರೆ ಅದೇ 30 ವೋಲ್ಟಿನ ನಷ್ಟ ಏಳೆಂಟಕ್ಕೆ ಇಳಿಯುತ್ತದೆ. ನಡುವೆ ಗಂಟು ಹಾಕಿ ಟೇಪ್ ಸುತ್ತಿದ ಜಾಗಗಳಿದ್ದರೆ ತೆಗೆಸಿಬಿಡಿ, ಒಂದೇ ಉದ್ದದ ವೈರ್ ಹಾಕಿಸಿ. ಸಾಕೆಟ್ಟು 16 ಆಂಪಿಯರಿನದೇ ಇರಲಿ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಗ್ರೈಂಡರ್ ಹಾಕುವ ರೂಢಿ ಇದ್ದರೆ ಇವತ್ತೇ ಬಿಡಿ.

ಮುಖ್ಯ ಬೋರ್ಡಿನಲ್ಲಿಯೇ 216ಕ್ಕಿಂತ ಕಡಿಮೆ ಇದ್ದರೆ ಅದು ಹೆಸ್ಕಾಂಗೆ ಹೇಳಬೇಕಾದ ಮಾತು. ಮನೆಬಳಕೆಯ ವಿದ್ಯುತ್ತಿಗೆ 230ರ ಮೇಲೆ ಕೆಳಗೆ ಶೇಕಡಾ 6ರಷ್ಟು ಮಾತ್ರ ಏರಿಳಿತ ಇರಬೇಕು ಎಂಬುದು ನಿಯಮ. 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಳೆದ ವೋಲ್ಟೇಜನ್ನು ಒಂದು ಹಾಳೆಯಲ್ಲಿ ಬರೆದು ಸೆಕ್ಷನ್ ಆಫೀಸಿಗೆ ಅರ್ಜಿಯ ಜೊತೆ ಕೊಡಿ. "ವೋಲ್ಟೇಜ್ ಇಲ್ಲ" ಎಂಬ ಬಾಯಿಮಾತಿಗಿಂತ ಆ ಹಾಳೆಗೆ ಬೆಲೆ ಹೆಚ್ಚು. ಅಕ್ಕಪಕ್ಕದ ಹೋಂಸ್ಟೇಗಳವರೂ ಸೇರಿ ಕೊಟ್ಟರೆ ಟ್ರಾನ್ಸ್‌ಫಾರ್ಮರಿನ (ಟಿಸಿಯ) ಸಾಮರ್ಥ್ಯ ಹೆಚ್ಚಿಸಬೇಕೆಂಬ ಬೇಡಿಕೆಗೆ ಬಲ ಬರುತ್ತದೆ.

ಅಣೆಕಟ್ಟಿನ ಪಕ್ಕದಲ್ಲಿದ್ದೂ ವೋಲ್ಟೇಜ್ ಇಲ್ಲ ಎಂಬ ನಿಮ್ಮ ನೋವು ನ್ಯಾಯವಾದದ್ದು. ಸೂಪಾದಲ್ಲಿ ನಿಂತ ನೀರಿನಿಂದ ನಾಗಝರಿಯಲ್ಲಿ ಹುಟ್ಟುವ ವಿದ್ಯುತ್ತು 2,20,000 ವೋಲ್ಟಿನ ಲೈನುಗಳಲ್ಲಿ ನೇರ ಗ್ರಿಡ್ಡಿಗೆ ಹೋಗುತ್ತದೆ. ನಿಮ್ಮ ಮನೆಗೆ ಬರುವುದು ಸಬ್‌ಸ್ಟೇಷನ್ನಿನಿಂದ ಕಾಡಿನ ನಡುವೆ ಹಾದು ಬರುವ 11 ಸಾವಿರ ವೋಲ್ಟಿನ ಲೈನು, ಆಮೇಲೆ ಟಿಸಿ, ಅಲ್ಲಿಂದ ಕಂಬದಿಂದ ಕಂಬಕ್ಕೆ ಉದ್ದದ ತಂತಿ. ಟಿಸಿಯಿಂದ ದೂರವಿದ್ದಷ್ಟೂ ವೋಲ್ಟೇಜ್ ಕಡಿಮೆ. ಅಣೆಕಟ್ಟಿನಿಂದ ಎಷ್ಟು ದೂರ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಕೇಳಬೇಕಾದದ್ದು ಹತ್ತಿರದ, ದೊಡ್ಡ ಟಿಸಿಯನ್ನು.

ಸ್ಟೆಬಿಲೈಜರ್ ಹಾಕಲೇ ಎಂದು ನೀವು ಕೇಳಿಲ್ಲ, ಆದರೆ ಅಂಗಡಿಯವರು ಹೇಳಿಯೇ ಹೇಳುತ್ತಾರೆ. ವೈರ್ ಸರಿ ಮಾಡಿಸದೆ ಅದನ್ನು ಕೊಳ್ಳಬೇಡಿ. ಕೊಂಡರೂ ಅರ್ಧ ಎಚ್‌ಪಿ ಎಂದು 1 ಕೆವಿಎಯದು ತರಬೇಡಿ. ಸ್ಟಾರ್ಟಿಂಗಿನ ಎಳೆತಕ್ಕೆ ಅದು ನಿಲ್ಲುವುದಿಲ್ಲ, 3 ಕೆವಿಎಯಾದರೂ ಇರಲಿ.

ಇನ್ನು ಮಳೆಗಾಲದ ದೋಷ. ನಿಮ್ಮ ಮೋಟರಿನ ಬೆನ್ನ ಮೇಲೆ ಡುಬ್ಬದಂತೆ ಕಾಣುವ ಭಾಗದೊಳಗೆ ಕಂಡೆನ್ಸರ್ ಇದೆ. ಒಳಗೆ ಶಾಫ್ಟಿನ ತುದಿಯಲ್ಲಿ ಒಂದು ಸೆಂಟ್ರಿಫ್ಯೂಗಲ್ ಸ್ವಿಚ್ ಇರುತ್ತದೆ. ಮೋಟರ್ ಸುಮಾರು ಮುಕ್ಕಾಲು ವೇಗಕ್ಕೆ ಬಂದಾಗ ಅದು ಸ್ಟಾರ್ಟಿಂಗ್ ವೈಂಡಿಂಗನ್ನು ಕಳಚಿಬಿಡುತ್ತದೆ. ಮೋಟರ್ ನಿಲ್ಲುತ್ತಾ ಬಂದಾಗ ಸ್ಪ್ರಿಂಗ್ ಬಲದಿಂದ ಮತ್ತೆ ಕೂಡಿಕೊಳ್ಳುತ್ತದೆ. ಹಾಗೆ ಕೂಡುವಾಗ "ಟಕ್" ಎಂಬ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ನಾಳೆಯಿಂದ ಗ್ರೈಂಡರ್ ಆಫ್ ಮಾಡಿದ ಮೇಲೆ ಅಲ್ಲೇ ನಿಂತು ಕೇಳಿ. ಆ ಟಕ್ ಸದ್ದು ಬಾರದ ದಿನ ಮುಂದಿನ ಸಲ ಮೋಟರ್ ಗುಂಯ್ ಅಂದರೆ, ಕಳ್ಳ ಸಿಕ್ಕ. ಸ್ವಿಚ್ ಬಿಟ್ಟುಕೊಂಡಲ್ಲೇ ಅಂಟಿಕೊಂಡಿದೆ. ಹಿಟ್ಟಿನ ನೀರು ಸೋರಿ ಒಣಗಿದ ಪುಡಿ, ಮಳೆಗಾಲದ ತೇವಕ್ಕೆ ಹಿಡಿದ ತುಕ್ಕು ಇದಕ್ಕೆ ಕಾರಣ. ನಮ್ಮ ಕಾಡಿನ ಸೀಮೆಯಲ್ಲಿ ಇನ್ನೊಂದಿದೆ, ಇರುವೆ. ಹಿಟ್ಟಿನ ವಾಸನೆಗೋ ಬೆಚ್ಚನೆಯ ಜಾಗಕ್ಕೋ ಮೋಟರಿನ ಗಾಳಿಕಂಡಿಯಿಂದ ಒಳಹೋಗಿ ಕಾಂಟ್ಯಾಕ್ಟುಗಳ ನಡುವೆ ಸಿಕ್ಕು ಸಾಯುತ್ತವೆ. ಒಂದೆರಡು ಸತ್ತ ಇರುವೆ ಸಾಕು, ಕಾಂಟ್ಯಾಕ್ಟು ಕೂಡುವುದಿಲ್ಲ. ಮೆಕ್ಯಾನಿಕ್ ಮೋಟರಿನ ಹಿಂದಿನ ಮುಚ್ಚಳ ಬಿಚ್ಚಿ, ಕಾಂಟ್ಯಾಕ್ಟುಗಳನ್ನು ಝೀರೋ ನಂಬರ್ ಎಮರಿ ಕಾಗದದಿಂದ ಉಜ್ಜಿ, ಸ್ಪ್ರಿಂಗಿನ ಬಿಗುವು ನೋಡಿದರೆ ಕೆಲಸ ಮುಗಿಯಿತು. ಕಾಂಟ್ಯಾಕ್ಟು ಸುಟ್ಟು ಗುಂಡಿ ಬಿದ್ದಿದ್ದರೆ ಸ್ವಿಚ್ ಮಾತ್ರ ಬದಲಿಸಲಿ. ಅದಕ್ಕೆ ಹೊಸ ಮೋಟರಿನ ದುಡ್ಡು ಬೀಳುವುದಿಲ್ಲ.

ಬಿಚ್ಚಿದಾಗಲೇ ಕಂಡೆನ್ಸರನ್ನೂ ಅಳೆಸಿ. ಉಬ್ಬಿದ್ದರೆ, ಎಣ್ಣೆ ಒಸರಿದ್ದರೆ ಅಳೆಯುವ ಅಗತ್ಯವೂ ಇಲ್ಲ, ಎಸೆಯಿರಿ. ಪ್ಲಗ್ ತೆಗೆದ ಮೇಲೂ ಕಂಡೆನ್ಸರಿನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು. ಹಳೆಯ ಕಾಲದ ಗುಂಡಿನ ಬಲ್ಬಿನ ಹೋಲ್ಡರಿಗೆ ಎರಡು ವೈರ್ ಹಾಕಿ, ಅವನ್ನು ಕಂಡೆನ್ಸರಿನ ಎರಡು ತುದಿಗೆ ಮುಟ್ಟಿಸಿ ಖಾಲಿ ಮಾಡಿದ ಮೇಲೆಯೇ ಕೈ ಹಾಕಬೇಕು. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವವರಿದ್ದಾರೆ. ಅದರಿಂದ ಕಂಡೆನ್ಸರೂ ಹಾಳು, ಕಣ್ಣಿಗೂ ಅಪಾಯ.

ಕೊನೆಗೆ ಒಂದು ಕಟ್ಟುನಿಟ್ಟಿನ ಮಾತು. ಬೆಲ್ಟನ್ನು ಕೈಯಿಂದ ಎಳೆದು ಶುರು ಮಾಡುವುದನ್ನು ಇಂದೇ ನಿಲ್ಲಿಸಿ. ಪುಲ್ಲಿಗೂ ಬೆಲ್ಟಿಗೂ ನಡುವೆ ಬೆರಳು ಸಿಕ್ಕರೆ ಉಳಿಯುವುದಿಲ್ಲ. ಸೀರೆಯ ಸೆರಗು, ದುಪಟ್ಟಾ, ಬಳೆ ಯಾವುದೂ ಅದರ ಹತ್ತಿರ ಸುಳಿಯಬಾರದು. ಬೆಲ್ಟಿನ ಮೇಲೆ ಜಾಲರಿ ಇಲ್ಲದಿದ್ದರೆ ಮಾಡಿಸಿ. ಗುಂಯ್ ಅಂದ ಮೋಟರನ್ನು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಬಿಡಲೂಬಾರದು. ನಿಂತ ಮೋಟರ್ ಐದು ಪಟ್ಟು ಕರೆಂಟ್ ಎಳೆದರೆ ವೈಂಡಿಂಗಿನಲ್ಲಿ ಹುಟ್ಟುವ ಕಾವು ಇಪ್ಪತ್ತೈದು ಪಟ್ಟು. ಎಷ್ಟೋ ಮೋಟರುಗಳು ಸುಡುವುದು "ಈಗ ತಿರುಗೀತು" ಎಂದು ಕಾಯುತ್ತಾ ನಿಂತ ಆ ಅರ್ಧ ನಿಮಿಷದಲ್ಲಿ. ವೈರ್ ಬದಲಾಗುವ ತನಕ ಸಂಜೆಯ ರುಬ್ಬುವ ಕೆಲಸವನ್ನು ಮಧ್ಯಾಹ್ನ ಮೂರಕ್ಕೆ ಮಾಡಿಕೊಳ್ಳಿ. ಡ್ರಮ್ಮಿನಲ್ಲಿ ಸ್ವಲ್ಪ ನೀರು ಮಾತ್ರ ಹಾಕಿ ಶುರು ಮಾಡಿ, ತಿರುಗಿದ ಮೇಲೆ ಅಕ್ಕಿ, ಉದ್ದನ್ನು ಹಿಡಿ ಹಿಡಿಯಾಗಿ ಹಾಕುತ್ತಾ ಹೋಗಿ.

ಪ್ರಶ್ನೆ: ನಮ್ಮ ಮನೆಯ ಮಿಕ್ಸರ್ 750 ವ್ಯಾಟಿನದು, ತಗೊಂಡು ಏಳೆಂಟು ವರ್ಷ ಆಯ್ತು. ಶೇಂಗಾ ಚಟ್ನಿ, ಮಸಾಲಿ ಖಾರ ಎಲ್ಲ ಅದರಾಗೇ. ಈಗ ಒಮ್ಮೆ ಚಾಲೂ ಆಗ್ತದ, ಒಮ್ಮೆ ಇಲ್ಲ. ಸದ್ದೇ ಬರೂದಿಲ್ಲ. ಬಾಜೂಕ್ಕ ಒಂದು ಏಟು ಕೊಟ್ರ ಚಾಲೂ ಆಗ್ತದ. ಇದಕ್ಕೂ ಕಂಡೆನ್ಸರ್ ಹೋಗಿರ್ತದೇನ್ರಿ?
— ಓದುಗರು, ಹಳಿಯಾಳ

ಉತ್ತರ: ಇಲ್ಲ, ಮಿಕ್ಸರಿನದು ಬೇರೆ ಜಾತಿಯ ಮೋಟರ್. ಶುರು ಮಾಡಲು ಅದಕ್ಕೆ ಕಂಡೆನ್ಸರ್ ಬೇಕಿಲ್ಲ. ತಿರುಗುವ ಆರ್ಮೇಚರಿಗೆ ಎರಡು ಕಾರ್ಬನ್ ಬ್ರಶ್‌ಗಳು ಒತ್ತಿಕೊಂಡು ಕರೆಂಟ್ ಕೊಡುತ್ತವೆ. ನಿಮ್ಮದು ಸದ್ದಿಲ್ಲದೆ ಸುಮ್ಮನಿರುತ್ತದೆ ಎಂದಿದ್ದೀರಿ. ಗುಂಯ್ ಅನ್ನುವ ಮೋಟರಿಗೆ ಕರೆಂಟ್ ತಲುಪಿದೆ, ಬಲ ಸಾಲದು. ಸುಮ್ಮನಿರುವ ಮೋಟರಿಗೆ ಕರೆಂಟೇ ತಲುಪಿಲ್ಲ, ದಾರಿಯಲ್ಲಿ ಎಲ್ಲೋ ಕಡಿದಿದೆ. ಏಟು ಬಿದ್ದಾಗ ಆ ಕಡಿದ ಜಾಗ ಕೂಡಿಕೊಳ್ಳುತ್ತದೆ.

ಬಿಚ್ಚುವ ಮುಂಚೆ ಮಿಕ್ಸರಿನ ತಳದಲ್ಲಿರುವ ಕೆಂಪು ಗುಂಡಿ ಒತ್ತಿ ನೋಡಿ. ಭಾರ ಹೆಚ್ಚಾದಾಗ ಜಿಗಿದು ಹೊರಬರುವ ಓವರ್‌ಲೋಡ್ ಗುಂಡಿ ಅದು. ಎಷ್ಟೋ ಮಂದಿ ಇದನ್ನೊಂದು ಒತ್ತದೆ ಮಿಕ್ಸರ್ ಹೊತ್ತುಕೊಂಡು ಪೇಟೆಗೆ ಹೋಗುತ್ತಾರೆ. ಜಾರ್ ಸರಿಯಾಗಿ ಕೂತರೆ ಮಾತ್ರ ಚಾಲೂ ಆಗುವ ಮಾದರಿಯಾದರೆ ಆ ಲಾಕಿನ ಸಂದಿಯಲ್ಲಿ ಚಟ್ನಿ ಗಟ್ಟಿಯಾಗಿ ಕೂತಿದೆಯೇ ನೋಡಿ. ಪ್ಲಗ್ಗಿನ ಬುಡದಲ್ಲಿ, ವೈರು ಮಿಕ್ಸರಿನೊಳಗೆ ಹೋಗುವ ಜಾಗದಲ್ಲಿ ತಂತಿ ಒಳಗೇ ತುಂಡಾಗಿರುವುದೂ ಉಂಟು. ಒಂದನೇ ಸ್ಪೀಡಿನಲ್ಲಿ ಸುಮ್ಮನಿದ್ದು ಮೂರರಲ್ಲಿ ತಿರುಗಿದರೆ ತಿರುಗಿಸುವ ಸ್ವಿಚ್ಚೇ ಸುಟ್ಟಿರಬಹುದು.

ಇವೆಲ್ಲ ಸರಿ ಇದ್ದರೆ ಬ್ರಶ್. ಏಳೆಂಟು ವರ್ಷ ಖಾರ ರುಬ್ಬಿದ ಮಿಕ್ಸರಿನಲ್ಲಿ ಅದು ಸವೆದು ಗಿಡ್ಡವಾಗಿರುತ್ತದೆ, ಸ್ಪ್ರಿಂಗಿಗೆ ಒತ್ತುವ ಶಕ್ತಿ ಉಳಿದಿರುವುದಿಲ್ಲ. ಏಟಿಗೆ ಏಳುವ ಮಿಕ್ಸರಿನಲ್ಲಿ ನಾನು ಮೊದಲು ನೋಡುವುದು ಇದನ್ನೇ. ಎರಡೂ ಬ್ರಶ್ ಒಟ್ಟಿಗೆ ಬದಲಿಸಿ, ನಿಮ್ಮ ಮಾದರಿಯದೇ ಅಳತೆಯದು ಹಾಕಿಸಿ. ಹೊಸ ಬ್ರಶ್ ಹಾಕಿದ ಮೇಲೂ ಒಂದು ಸ್ಥಾನದಲ್ಲಿ ನಿಂತಾಗ ಚಾಲೂ ಆಗದೆ, ಪ್ಲಗ್ ತೆಗೆದು ಕಪ್ಲರನ್ನು ಕೈಯಿಂದ ಸ್ವಲ್ಪ ತಿರುಗಿಸಿ ಮತ್ತೆ ಹಾಕಿದಾಗ ಚಾಲೂ ಆದರೆ, ಆರ್ಮೇಚರಿನ ಒಂದು ಸುರುಳಿ ಕಡಿದಿದೆ. ಸುತ್ತಲೂ ಉಂಗುರದ ಹಾಗೆ ನೀಲಿ ಕಿಡಿ ಕಾಣುವುದೂ ಅದರದೇ ಗುರುತು. ಆಗ ಆರ್ಮೇಚರ್ ಬದಲಿಸುವ ಖರ್ಚನ್ನೂ ಹೊಸ ಮಿಕ್ಸರಿನ ಬೆಲೆಯನ್ನೂ ತೂಗಿ ನೋಡಿ. ಖಾರ ಮತ್ತು ಶೇಂಗಾವನ್ನು ಬಿಟ್ಟು ಬಿಟ್ಟು ರುಬ್ಬಿ, ಎಣ್ಣೆ ಬಿಟ್ಟ ಶೇಂಗಾ ಬ್ಲೇಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಪ್ರಶ್ನೆ: ನಮ್ಮದು ಜೋಯಿಡಾ ತಾಲೂಕಿನ ಒಳಗಿನ ಮಜರೆ. ತೋಟದ ಮೇಲಿನ ಹಳ್ಳಕ್ಕೆ 1 ಕಿಲೋವ್ಯಾಟಿನ ಕಿರು ಟರ್ಬೈನ್ ಹಾಕಿಕೊಂಡಿದ್ದೇವೆ. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಇನ್ವರ್ಟರ್ ಬಳಸುತ್ತೇವೆ. 150 ವ್ಯಾಟಿನ ಟೇಬಲ್ ಗ್ರೈಂಡರ್ ಎರಡರಲ್ಲೂ ಒಮ್ಮೆ ತಿರುಗುತ್ತದೆ, ಒಮ್ಮೆ ಇಲ್ಲ. 1,000 ವ್ಯಾಟಿಗೆ 150 ವ್ಯಾಟ್ ಯಾಕೆ ಭಾರ?
— ಕೃಷಿಕರು, ಜೋಯಿಡಾ

ಉತ್ತರ: 150 ಎಂಬುದು ಓಡುವಾಗಿನ ಲೆಕ್ಕ. ಶುರುವಾಗುವ ಕ್ಷಣದಲ್ಲಿ ಅದು ಮೂರು ನಾಲ್ಕು ಪಟ್ಟು ಕೇಳುತ್ತದೆ. ಊರಿನ ಲೈನಿನ ಹಿಂದೆ ಇಡೀ ಗ್ರಿಡ್ ನಿಂತಿರುತ್ತದೆ, ನಿಮ್ಮ ಟರ್ಬೈನಿನ ಹಿಂದೆ ಇರುವುದು ಆ ಹಳ್ಳದ ನೀರು ಮಾತ್ರ. ಮನೆಯ ದೀಪ, ಟಿವಿ, ಫ್ರಿಜ್ ಎಲ್ಲ ಹತ್ತಿರುವಾಗ ಗ್ರೈಂಡರ್ ಸ್ವಿಚ್ ಒತ್ತಿದರೆ ಜನರೇಟರಿನ ವೇಗ ಕುಗ್ಗುತ್ತದೆ, ವೋಲ್ಟೇಜೂ ಕುಸಿಯುತ್ತದೆ, ಕರೆಂಟಿನ ಸೈಕಲ್ಲೂ (ಫ್ರೀಕ್ವೆನ್ಸಿ) 50ಕ್ಕಿಂತ ಕೆಳಗೆ ಬರುತ್ತದೆ. ಸೈಕಲ್ ಇಳಿದಾಗ ಕಂಡೆನ್ಸರಿನ ಮೂಲಕ ಹರಿಯುವ ಕರೆಂಟೂ ಇಳಿಯುತ್ತದೆ. ಮೊದಲು ಫ್ರಿಜ್ ತೆಗೆದು, ನಾಜಲ್ ಪೂರ್ತಿ ತೆರೆದು, ಖಾಲಿ ಗ್ರೈಂಡರ್ ಶುರು ಮಾಡಿ, ಆಮೇಲೆ ಉಳಿದದ್ದು ಹಾಕಿ. ಮಳೆಗಾಲ ಮುಗಿದು ಪೈಪಿನ ಬಾಯಿಗೆ ಕಟ್ಟಿದ ಜಾಲರಿಯಲ್ಲಿ ತರಗೆಲೆ ತುಂಬಿದ್ದರೂ ಇದೇ ತೊಂದರೆ ಕಾಣುತ್ತದೆ. ಜಾಲರಿ ನೋಡದೆ ಗ್ರೈಂಡರ್ ಬಿಚ್ಚಬೇಡಿ.

ಇನ್ವರ್ಟರಿನ ಕತೆ ಬೇರೆ. ಕಡಿಮೆ ಬೆಲೆಯ ಸ್ಕ್ವೇರ್ ವೇವ್ ಇನ್ವರ್ಟರ್ ಬಲ್ಬು, ಟಿವಿಗೆ ನಡೆಯುತ್ತದೆ. ಕಂಡೆನ್ಸರ್ ಇರುವ ಮೋಟರಿಗೆ ಅದು ಒಳ್ಳೆಯದಲ್ಲ, ಮೋಟರೂ ಕಂಡೆನ್ಸರೂ ಬಿಸಿಯಾಗುತ್ತವೆ, ಕಂಡೆನ್ಸರಿನ ಆಯುಷ್ಯ ಇಳಿಯುತ್ತದೆ. ಬ್ಯಾಟರಿ ತುಂಬಿರುವ ದಿನ ತಿರುಗಿ, ಅರ್ಧ ಇಳಿದ ದಿನ ತಿರುಗದಿದ್ದರೆ ಇನ್ವರ್ಟರಿನ ಶಕ್ತಿ ಅಂಚಿನಲ್ಲಿದೆ ಎಂದೇ ಅರ್ಥ. ಮುಂದೆ ಕೊಳ್ಳುವಾಗ ಸೈನ್ ವೇವ್ ಇನ್ವರ್ಟರನ್ನೇ ಕೇಳಿ.

ಎರಡೂ ಕಡೆ ಹಠ ಮಾಡುವುದರಿಂದ ಕಂಡೆನ್ಸರನ್ನೂ ಒಮ್ಮೆ ಅಳೆಸಿಬಿಡಿ. ಟೇಬಲ್ ಗ್ರೈಂಡರಿನ ಕಂಡೆನ್ಸರ್ ಮೋಟರ್ ಓಡುವಷ್ಟು ಹೊತ್ತೂ ಕೆಲಸದಲ್ಲಿರುತ್ತದೆ. ಒಳಗಿನ ಲೋಹದ ಪದರ ವರ್ಷ ಕಳೆದಂತೆ ಸ್ವಲ್ಪ ಸ್ವಲ್ಪವೇ ಕರಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಮೇಲೆ ಬರೆದ ಮೈಕ್ರೋಫ್ಯಾರಡ್ ಅಳತೆ, ಅಂದರೆ ಎಂಎಫ್‌ಡಿಗಿಂತ ಶೇಕಡಾ ಹತ್ತಕ್ಕೂ ಹೆಚ್ಚು ಇಳಿದಿದ್ದರೆ ಬದಲಿಸಿ. ಒಳ್ಳೆಯ ವೋಲ್ಟೇಜಿನಲ್ಲಿ ಅದು ಹೇಗೋ ನಡೆಯುತ್ತದೆ, ಕಡಿಮೆ ವೋಲ್ಟೇಜಿನಲ್ಲಿ ಸೋಲುತ್ತದೆ.

ಪ್ರಶ್ನೆ: ನಾನು ದೋಸೆ ಹಿಟ್ಟು ರುಬ್ಬಿ ಅಂಗಡಿಗಳಿಗೆ ಕೊಡುತ್ತೇನೆ. ಗ್ರೈಂಡರ್ ಸರಿಯಾಗಿ ಸ್ಟಾರ್ಟ್ ಆಗುವುದಿಲ್ಲ ಎಂದು ರಿಪೇರಿಯವರು ದೊಡ್ಡ ಕಂಡೆನ್ಸರ್ ಹಾಕಿಕೊಟ್ಟರು. ಎರಡು ತಿಂಗಳಲ್ಲಿ ಅದು ಸಿಡಿಯಿತು. ಇನ್ನೊಂದು ಹಾಕಿದರು, ಅದೂ ಸಿಡಿಯಿತು. ಈಗ ರಿವೈಂಡಿಂಗ್ ಮಾಡಿಸಿ ಅನ್ನುತ್ತಾರೆ.
— ಓದುಗರು, ಮುಂಡಗೋಡ

ಉತ್ತರ: ದೊಡ್ಡ ಕಂಡೆನ್ಸರ್ ಎಂದರೆ ಹೆಚ್ಚು ಶಕ್ತಿ ಎಂಬ ನಂಬಿಕೆ ತಪ್ಪು. ಮೋಟರ್ ತಯಾರಿಸಿದವರು ಬರೆದ ಎಂಎಫ್‌ಡಿಯನ್ನೇ ಹಾಕಬೇಕು. ಅದರ ಮೇಲೆ ಬರೆದ ವೋಲ್ಟೇಜ್ ಮೊದಲಿನಷ್ಟೇ ಇರಬೇಕು, ಇಲ್ಲವೇ ಹೆಚ್ಚಿರಲಿ, ಕಡಿಮೆ ಬೇಡ. ಸ್ಟಾರ್ಟಿಂಗ್ ಕಂಡೆನ್ಸರ್ ಕೆಲವು ಸೆಕೆಂಡುಗಳ ಕೆಲಸಕ್ಕೆ ಮಾಡಿದ್ದು. ಅದು ಸಿಡಿಯುತ್ತದೆ ಎಂದರೆ ಮೌಳಂಗಿಯವರಿಗೆ ಹೇಳಿದ ಸೆಂಟ್ರಿಫ್ಯೂಗಲ್ ಸ್ವಿಚ್ ನಿಮ್ಮಲ್ಲಿ ತದ್ವಿರುದ್ಧವಾಗಿ ಕೆಟ್ಟಿರಬಹುದು, ಕೂಡಿಕೊಂಡಲ್ಲೇ ಅಂಟಿ ಬಿಡುತ್ತಿಲ್ಲ. ಆಗ ಕಂಡೆನ್ಸರ್ ಮೋಟರ್ ಓಡುವಷ್ಟು ಹೊತ್ತೂ ಕಾಯುತ್ತದೆ, ಕೊನೆಗೆ ಸಿಡಿಯುತ್ತದೆ, ಅದರ ಹಿಂದೆಯೇ ಸ್ಟಾರ್ಟಿಂಗ್ ವೈಂಡಿಂಗೂ ಸುಡುತ್ತದೆ. ಸ್ವಿಚ್ ನೋಡಿಸದೆ ಮೂರನೆಯ ಕಂಡೆನ್ಸರಿಗೆ ದುಡ್ಡು ಹಾಕಬೇಡಿ. ಬೆಲ್ಟ್ ಅತಿ ಬಿಗಿಯಾಗಿ, ಇಲ್ಲವೇ ಬುಷ್ ಸವೆದು ಮೋಟರ್ ಸಾಕಷ್ಟು ವೇಗಕ್ಕೆ ಬಾರದಿದ್ದರೂ ಸ್ವಿಚ್ ಬಿಟ್ಟುಕೊಳ್ಳುವುದಿಲ್ಲ. ಬೆಲ್ಟ್ ಕಳಚಿ ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಆಟ ಕೊಟ್ಟರೆ ಬುಷ್ ಹೋಗಿದೆ.

ಆಮೇಲೂ ರಿವೈಂಡಿಂಗ್ ಬೇಕೇ ಬೇಕಾದರೆ ತಾಮ್ರದ ತಂತಿ, ಹಳೆಯದೇ ಗೇಜ್, ಹಳೆಯದೇ ಸುತ್ತುಗಳ ಎಣಿಕೆ ಎಂದು ಮೊದಲೇ ಮಾತಾಡಿಕೊಳ್ಳಿ. ಬಿಚ್ಚಿದ ಹಳೆಯ ತಂತಿಯನ್ನು ತೂಗಿಸಿ, ಹೊಸದರ ತೂಕ ಅದಕ್ಕೆ ಹತ್ತಿರವಿದೆಯೇ ನೋಡಿ. ಅಲ್ಯೂಮಿನಿಯಂ ತಂತಿ ಹಾಕಿದರೆ ತೂಕದಲ್ಲೇ ಗೊತ್ತಾಗುತ್ತದೆ. ದಿನವೂ ರುಬ್ಬಿ ಮಾರುವವರ ಮೋಟರಿಗೆ ಅದು ಬಾಳಿಕೆ ಬರುವುದಿಲ್ಲ.

ಪ್ರಶ್ನೆ: ಗ್ರೈಂಡರ್ ಸ್ಟಾರ್ಟ್ ಆಗದಿದ್ದಾಗ ಮುಟ್ಟಿದರೆ ಕೈ ಜುಂ ಅನ್ನುತ್ತದೆ. ತಿರುಗುವಾಗ ಏನೂ ಅನ್ನಿಸುವುದಿಲ್ಲ. ಬಳಸಬಹುದೇ?
— ಓದುಗರು, ದಾಂಡೇಲಿ

ಉತ್ತರ: ಬಳಸಬಾರದು. ಈ ಸಾಲು ಓದಿದ ಕೂಡಲೇ ಪ್ಲಗ್ ತೆಗೆದುಬಿಡಿ. ತಿರುಗುವಾಗ ಅನ್ನಿಸುವುದಿಲ್ಲ ಎಂಬುದು ಸಮಾಧಾನದ ಮಾತಲ್ಲ. ಒದ್ದೆ ಕೈ, ಒದ್ದೆ ನೆಲ, ಸ್ಟೀಲಿನ ಡ್ರಮ್ ಮೂರೂ ಸೇರಿದ ಜಾಗ ಅದು. ಎಲ್ಲೋ ಇನ್ಸುಲೇಷನ್ ಹೋಗಿ ಮೈಗೆ ಕರೆಂಟ್ ಬರುತ್ತಿದೆ, ಜೊತೆಗೆ ನಿಮ್ಮ ಮನೆಯ ಅರ್ಥಿಂಗ್ ಕೆಲಸ ಮಾಡುತ್ತಿಲ್ಲ. ಅರ್ಥಿಂಗ್ ಸರಿ ಇದ್ದಿದ್ದರೆ ಜುಂ ಅನ್ನುವ ಮೊದಲೇ ಕರೆಂಟ್ ನೆಲಕ್ಕೆ ಹರಿದುಹೋಗುತ್ತಿತ್ತು. ಪ್ಲಗ್ಗಿನ ದಪ್ಪ ಪಿನ್ನಿಗೆ ಹಸಿರು ವೈರ್ ಜೋಡಿಸಿದೆಯೇ, ಯಾರಾದರೂ ಎರಡು ಪಿನ್ನಿನ ಪ್ಲಗ್ ಹಾಕಿದ್ದಾರೆಯೇ ನೋಡಿಸಿ. ನಮ್ಮ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಅರ್ಥ್ ಗುಂಡಿಗೆ ಮಾರ್ಚ್‌ನಿಂದ ಮೇ ತನಕ ಆಗಾಗ ನೀರು ಹಾಕಬೇಕು. ಮುಖ್ಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಸೋರುವ ಕರೆಂಟ್ ಅಷ್ಟು ಮುಟ್ಟಿದ ಕೂಡಲೇ ಅದು ಲೈನ್ ಕಡಿದುಬಿಡುತ್ತದೆ. ಇವೆಲ್ಲ ಆಗುವ ತನಕ ಆ ಗ್ರೈಂಡರಿಗೆ ಯಾರೂ ಕೈ ಹಚ್ಚಬಾರದು, ಮನೆಗೆಲಸಕ್ಕೆ ಬರುವವರಿಗೂ ಹೇಳಿಡಿ.

ಮುಂದೆ ಪತ್ರ ಬರೆಯುವವರಲ್ಲಿ ಒಂದು ಕೋರಿಕೆ. ಮೋಟರಿನ ತಗಡಿನ ಮೇಲೆ ಬರೆದ ಎಚ್‌ಪಿ ಅಥವಾ ವ್ಯಾಟ್, ಕಂಡೆನ್ಸರಿನ ಮೇಲಿನ ಎಂಎಫ್‌ಡಿ, ಹಠ ಮಾಡಿದ ಹೊತ್ತಿನ ವೋಲ್ಟೇಜ್, ಆಗ ಸದ್ದು ಇತ್ತೋ ಇಲ್ಲವೋ, ಆಫ್ ಮಾಡಿದಾಗ ಟಕ್ ಕೇಳಿತೋ ಇಲ್ಲವೋ, ಇಷ್ಟನ್ನು ಪತ್ರದ ಕೊನೆಗೆ ತಪ್ಪದೆ ಬರೆಯಿರಿ.